ಸೆಲ್ವಣ್ಣ ಬೆಸೆದ ಪಿನ್ನು

"ಅಕ್ಕಾ, ಕಬ್ಬಿಣ ಕುಯ್ಯೋ ಹ್ಯಾಕ್ಸಾ ಇದೆಯಾ? ಏನೂ ಕೇಳ್ಬೇಡಿ, ಬೇಗ ಬನ್ನಿ."

ಭಾನುವಾರ ಮಧ್ಯಾಹ್ನ. ಫೋನ್ ಮಾಡಿದವಳು ನನ್ನ ಹಳೆಯ ಸಹೋದ್ಯೋಗಿ ವಿನುತಾ. ಮನೆಯಲ್ಲಿ ಹ್ಯಾಕ್ಸಾ ಇರಲಿಲ್ಲ. ಶಿವಮೊಗ್ಗದ ಸವಳಂಗ ರಸ್ತೆಯಿಂದ ಆಲ್ಕೊಳದ ಅವಳ ಮನೆಗೆ ಬರಿಗೈಯಲ್ಲೇ ಸ್ಕೂಟರ್ ಓಡಿಸಿದೆ. (ಅಂಗಡಿಗಳು ಮುಚ್ಚಿದ್ದವು ಅಂತ ಮೊದಲು ಬರೆದಿದ್ದೆ. ಹೊಡೆದು ಹಾಕಿದೆ. ನಾನು ಅಂಗಡಿ ಕಡೆ ನೋಡಲೇ ಇಲ್ಲ.)

ಒಳಕೋಣೆಯಲ್ಲಿ ಅವಳ ಗಂಡ ಪ್ರಭು ಮೆತ್ತೆ ಹೊಲಿದ ಬೆಂಚಿನ ಮೇಲೆ ಬೋರಲು ಮಲಗಿದ್ದ. ಮೈಮೇಲೆ ಬೆಡ್‌ಶೀಟ್. ಬಲ ಮಣಿಕಟ್ಟು ಬೆಂಚಿಗೆ ಜೋಡಿಸಿದ ಕಬ್ಬಿಣದ ಬಳೆಯೊಳಗೆ. ಬೆರಳುಗಳು ಊದಿಕೊಂಡಿದ್ದವು. ಪ್ರಭು ಲ್ಯಾಬ್ ಟೆಕ್ನಿಷಿಯನ್. ಎಳೆಗೂಸಿನ ಕೈಯಲ್ಲೂ ಒಂದೇ ಸಲಕ್ಕೆ ಸೂಜಿ ಇಳಿಸುವ ಬೆರಳುಗಳು ಅವು.

ಪರಸ್ಪರ ಒಪ್ಪಿ ಒಬ್ಬರನ್ನೊಬ್ಬರು ಕಟ್ಟಿ ಆಡುವ ಆಟವಿದೆ. ಬಿಡಿಎಸ್‌ಎಂ ಅಂತಾರೆ. ಇಬ್ಬರಿಗೂ ನಲವತ್ತರ ಹತ್ತಿರ, ಇಬ್ಬರಿಗೂ ಇಷ್ಟ. ಮುಖ ಸಿಂಡರಿಸುವವರು ಈ ವಾರ ಪುಟ ತಿರುಗಿಸಿ. (ಹೆಸರು ಬದಲಿಸಿದ್ದೇನೆ. ಬರೀರಿ ಅಂದದ್ದು ಪ್ರಭುವೇ.)

ಅವರಲ್ಲಿ ನಿಯಮಗಳಿದ್ದವು. ನಿಲ್ಲಿಸು ಅನ್ನಲು ಒಂದು ಪದ. ಒಬ್ಬರು ಕಟ್ಟಿಸಿಕೊಂಡಿರುವಾಗ ಇನ್ನೊಬ್ಬರು ಕೋಣೆ ಬಿಡುವಂತಿಲ್ಲ. ಬೆರಳು ಜುಮ್ಮೆಂದ ಕೂಡಲೇ ಪ್ರಭು ಆ ಪದ ಹೇಳಿದ. ವಿನುತಾ ತಕ್ಷಣ ನಿಲ್ಲಿಸಿದಳು. ಆದರೆ ಬಳೆಯ ಚಿಲಕ ಸಿಕ್ಕಿಕೊಂಡಿತ್ತು. ಅಂಥ ಹೊತ್ತಿಗೆಂದೇ ಬದಿಯಲ್ಲಿ ಒಂದು ಪಿನ್ನು ಹಾಕಿಸಿದ್ದರು. ಎಳೆದರೆ ಬಳೆ ಎರಡು ಹೋಳಾಗಬೇಕು. ಎಳೆದಳು. ಅಲುಗಲಿಲ್ಲ.

ಬೆಂಚು ಮಾಡಿದ್ದು ಭದ್ರಾವತಿಯಲ್ಲಿ ಗೇಟು, ಗ್ರಿಲ್ಲು ಮಾಡುವ ವೆಲ್ಡರ್ ಸೆಲ್ವಣ್ಣ. ನಂಬರ್ ಕೊಟ್ಟದ್ದು ನಾನು. ವಿನುತಾ ನನಗೆ ನಿಜ ಹೇಳಿದ್ದಳು. ಸೆಲ್ವಣ್ಣನಿಗೆ "ಫಿಸಿಯೋಥೆರಪಿ ಬೆಂಚು" ಅಂದದ್ದು ನಾನೇ.

"ಕೆಳಗೆ ಓನರ್ ಹತ್ರ ಕಬ್ಬಿಣ ಕತ್ತರಿಸೋ ಗ್ರೈಂಡರ್ ಇದೆ ಅಕ್ಕಾ, ಕೇಳ್ಲಾ?" ಅಂದಳು ವಿನುತಾ.

ಇಲ್ಲಿ ನನ್ನನ್ನು ನಂಬಬೇಡಿ. "ಬೇಡ, ಊರಿಗೆಲ್ಲ ಗೊತ್ತಾಗುತ್ತೆ" ಅಂದದ್ದು ನನ್ನ ನೆನಪಿನಲ್ಲಿ ಪ್ರಭು. ವಿನುತಾ ಪ್ರಕಾರ ನಾನು. ಮೊನ್ನೆ ಪ್ರಭುವನ್ನೇ ಕೇಳಿದೆ. "ನೀವೇ ಅಕ್ಕಾ. ನಾನು ಓನರ್‌ನ ಕರೀರಿ ಅಂದೆ."

ಭದ್ರಾವತಿಗೆ ಫೋನ್ ಮಾಡಿದೆ. ಸೆಲ್ವಣ್ಣ ಬರಲು ಮುಕ್ಕಾಲು ಗಂಟೆ. ಅಷ್ಟು ಹೊತ್ತೂ ವಿನುತಾ ಗಂಡನ ಮೊಣಕೈಯನ್ನು ಎತ್ತಿ ಹಿಡಿದು ನಿಂತಿದ್ದಳು.

"ನಿಮ್ಮಮ್ಮ ಫೋನ್ ಮಾಡಿದ್ರೆ ಅಳಿಯಂದ್ರು ಏಳೋ ಹಾಗಿಲ್ಲ ಅನ್ನು ಮಾರಾಯ್ತಿ" ಅಂದ ಪ್ರಭು. ಯಾರೂ ನಗಲಿಲ್ಲ.

ಸೆಲ್ವಣ್ಣ ಬಂದ, ನೋಡಿದ. ಬಳೆಗೂ ಚರ್ಮಕ್ಕೂ ನಡುವೆ ಒದ್ದೆ ಬಟ್ಟೆ ತುರುಕಿ ಕಟ್ಟರ್ ಹಿಡಿದ. ಬಳೆ ತುಂಡಾಯಿತು. ಕೈ ಜೋತುಬಿತ್ತು.

"ಪಿನ್ನಿಗೆ ಯಾಕೆ ವೆಲ್ಡಿಂಗ್ ಹಾಕಿದ್ರಿ?" ಅಂತ ಪಿನ್ನಿನ ಬುಡದ ಬೆಸುಗೆ ತೋರಿಸಿ ಕೇಳಿದೆ.

"ಲೊಡಲೊಡ ಅಂತಿತ್ತು ಮೇಡಂ. ಪೇಷಂಟು ಕೈ ಊರಿದಾಗ ಕಳಚಿ ಬಿದ್ರೆ ನನ್ನ ಹೆಸರು ಹೋಗುತ್ತೆ. ಕೈ ಕಟ್ಟೋದಕ್ಕೆ ಅಂತ ಹೇಳಿದ್ದಿದ್ರೆ ನಾನು ಆ ಪಿನ್ನನ್ನ ಮುಟ್ತಿದ್ನಾ?"

ಅಲುಗಾಡುವುದನ್ನೆಲ್ಲ ಬೆಸೆಯುವುದು ಅವನ ಕಸುಬಿನ ಮರ್ಯಾದೆ. ಕಳಚಿಕೊಳ್ಳುವ ಪಿನ್ನು ಅವನ ಕಣ್ಣಿಗೆ ಅರ್ಧ ಬಿಟ್ಟ ಕೆಲಸ. ತಪ್ಪು ಅವನದೇ?

ಗಂಡ ಹೆಂಡತಿಯೂ ಖಾಲಿ ಬೆಂಚಿನಲ್ಲಿ ಒಮ್ಮೆ ಆ ಪಿನ್ನು ಎಳೆದು ನೋಡಿರಲಿಲ್ಲ. ಕಬ್ಬಿಣದ ಬದಲು ಬಟ್ಟೆಯ ಪಟ್ಟಿ ಇದ್ದಿದ್ದರೆ ಕತ್ತರಿ ಸಾಕಿತ್ತು. ಇದೆಲ್ಲ ಗೊತ್ತಾಗಿದ್ದು ಆಮೇಲೆ. ಮುಂಚೆ ಯಾರನ್ನು ಕೇಳಬೇಕಿತ್ತು? ಶಿವಮೊಗ್ಗದಲ್ಲಿ ಯಾರ ಮನೆ ಬಾಗಿಲು ತಟ್ಟಬೇಕಿತ್ತು?

ಆಸ್ಪತ್ರೆಯಲ್ಲಿ ಪ್ರಭು ಸುಳ್ಳು ಹೇಳಲಿಲ್ಲ. ಡಾಕ್ಟರ್ ನಗಲಿಲ್ಲ, ಬೈಯಲೂ ಇಲ್ಲ. "ಎಷ್ಟು ಹೊತ್ತು ಒತ್ತಿತ್ತು?" ಅಂತ ಮಾತ್ರ ಕೇಳಿದರು. ಹೊತ್ತಾದಷ್ಟೂ ನರಕ್ಕೆ ಕಷ್ಟವಂತೆ.

ನಾನು ಅರ್ಧ ಗಂಟೆ ಅಂದೆ. ವಿನುತಾ ನನ್ನ ಮುಖ ನೋಡದೆ, "ಒಂದೂಕಾಲು ಗಂಟೆ" ಅಂದಳು. ನನ್ನ ಫೋನಿನ ಕಾಲ್ ಲಿಸ್ಟ್ ಕೂಡ ಅವಳ ಲೆಕ್ಕವನ್ನೇ ಹೇಳುತ್ತದೆ.

ತಿಂಗಳುಗಳಾದವು. ಪ್ರಭುವಿನ ಮೂರು ಬೆರಳುಗಳಿಗೆ ಇನ್ನೂ ಸ್ಪರ್ಶ ತಿಳಿಯುವುದಿಲ್ಲ. ರಕ್ತ ತೆಗೆಯುವ ಕೆಲಸ ಹೋಯಿತು. ಈಗ ರಿಪೋರ್ಟ್ ಕೊಡುವ ಕೌಂಟರಿನಲ್ಲಿ ಕೂರುತ್ತಾನೆ. ಕೈಗೇನಾಯ್ತು ಅಂದವರಿಗೆಲ್ಲ "ಬೈಕಿಂದ ಬಿದ್ದೆ" ಅನ್ನುತ್ತಾನೆ. ಎಲ್ಲರೂ ತಪ್ಪದೆ ಕೇಳುತ್ತಾರಂತೆ, "ಹೆಲ್ಮೆಟ್ ಹಾಕಿದ್ರಾ?"

ಸುರಕ್ಷತೆಯ ಬಗ್ಗೆ ಒಂದು ಪ್ರಶ್ನೆ ಕೇಳಲು ನಮಗೆ ರಸ್ತೆಯೇ ಬೇಕೇ?