ಸಾದಲಿಯ ಅರ್ಥಿಂಗ್ ಗುಂಡಿ

ಬಾಗಿಲು ಕೂರಿಸೋಕೆ ಸಾದಲಿಯ ಹೊಸ ಮನೆಯೊಂದಕ್ಕೆ ಹೋಗಿದ್ದೆ. ನನ್ನ ಹಳೇ ಕಬ್ಬಿಣದ ಡ್ರಿಲ್ ಹಿಡಿದ ಕೂಡಲೇ ಕರೆಂಟು ಹೊಡೆದು ಕೈ ಜುಮ್ಮೆಂದಿತು. ಪ್ಲಗ್ ಕಿತ್ತು ಕೆಲಸ ನಿಲ್ಲಿಸಿಬಿಟ್ಟೆ.

ಮನೆಯ ಯಜಮಾನಿ ಗಂಗಮ್ಮನಿಗೆ ಸಿಟ್ಟು ಬಂತು. “ನಾಡಿದ್ದು ಗೃಹಪ್ರವೇಶ ಕಣಪ್ಪ! ಪ್ಲಗ್ಗಿಗೆ ಮೂರು ಪಿನ್ನೂ ಇದೆಯಲ್ಲ, ಇನ್ನೇನು ನೆಪ?”

“ಮೂರನೇ ಪಿನ್ನಿನ ವೈರು ಹಿತ್ತಲ ಅರ್ಥಿಂಗ್ ಗುಂಡಿಗೆ ಹೋಗತ್ತಮ್ಮ. ಸೋರಿದ ಕರೆಂಟು ಅಲ್ಲಿ ಒದ್ದೆ ಮಣ್ಣಿಗೆ ಇಳಿದುಹೋಗಬೇಕು. ಬನ್ನಿ ನೋಡಣ” ಅಂದೆ.

ಗುಂಡಿ ಒಣಗಿ ಬಿರುಕು ಬಿಟ್ಟಿತ್ತು, ವೈರು ಕಿತ್ತುಬಂದಿತ್ತು. ಎಲೆಕ್ಟ್ರಿಷಿಯನ್ ಬಂದು ಅದನ್ನು ಬಿಗಿದ. ನಾನು ಡ್ರಿಲ್ಲಿನ ಸವೆದ ವೈರು ಬದಲಿಸಿದೆ. ಗಂಗಮ್ಮ ಗುಂಡಿಗೆ ಬಿಂದಿಗೆ ಬಿಂದಿಗೆ ನೀರು ಸುರಿದರು.

ಆಮೇಲೆ ನಾನು ಆ ದಾರೀಲಿ ಹೋದಾಗಲೆಲ್ಲ, “ನೀರು ಹಾಕಿದೀನಪ್ಪ!” ಅಂತ ಕೂಗಿ, ಗುಂಡಿ ಪಕ್ಕ ಹಬ್ಬಿದ ಪುದೀನ ಕಿತ್ತು ಕೊಡುತ್ತಿದ್ದರು.

ಈಗ ನಂದು ಬ್ಯಾಟರಿ ಡ್ರಿಲ್. ಅದಕ್ಕೆ ಅರ್ಥಿಂಗ್ ಬೇಡ, ಗುಂಡಿ ನೋಡೋಕೆ ಯಾರ ಹಿತ್ತಲಿಗೂ ಹೋಗಬೇಕಿಲ್ಲ. ಪುದೀನ ಮಾತ್ರ ದುಡ್ಡು ಕೊಟ್ಟೇ ತರಬೇಕು.