ಸುಸ್ತಾದ ಡಿಟೆಕ್ಟರ್

ಹೆಬ್ಬಾಳದ ನಮ್ಮ ಲ್ಯಾಬಿನಲ್ಲಿ ಅಣುಗಳನ್ನು ಅಯಾನುಗಳಾಗಿಸಿ ತೂಗುವ ಮಾಸ್ ಸ್ಪೆಕ್ಟ್ರೋಮೀಟರ್ ನೋಡಿಕೊಳ್ಳುತ್ತಿದ್ದ ಟೆಕ್ನೀಷಿಯನ್ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಯಂತ್ರ ಬಿಚ್ಚುವ ಮೊದಲು ಸೋಪು ಹಾಕಿ ಕೈ ತೊಳೆದು, ಹಸಿ ಮದರಂಗಿ ಹಚ್ಚಿಕೊಂಡವರಂತೆ ಎರಡೂ ಕೈ ಎತ್ತಿಕೊಂಡು ಬರುತ್ತಿದ್ದರು.

ಯಂತ್ರದೊಳಗೆ ಒಂದು ಪುಟ್ಟ ಡಿಟೆಕ್ಟರ್ ಇದೆ. ಒಂದು ಅಯಾನು ಬಡಿದರೆ ಅದು ಲಕ್ಷಗಟ್ಟಲೆ ಎಲೆಕ್ಟ್ರಾನು ಚಿಮ್ಮಿಸುತ್ತದೆ. ಅದೇ ನಮಗೆ ಕಾಣುವ ಸಿಗ್ನಲ್. ಬಳಸಿದಷ್ಟೂ ಅದರ ಶಕ್ತಿ ಕುಂದುತ್ತದೆ. ಸಿಗ್ನಲ್ ಇಳಿದಾಗಲೆಲ್ಲ ನಾನು "ಹೊಸದು ಹಾಕಿ" ಅಂದರೆ, ಅವರು ವೋಲ್ಟೇಜನ್ನು ಒಂಚೂರು ಏರಿಸಿ, "ಸುಸ್ತಾಗಿದೆ ಕಣಮ್ಮ, ಸತ್ತಿಲ್ಲ" ಅನ್ನುತ್ತಿದ್ದರು.

ಕೊನೆಗೆ ನಾನೇ ಜಗಳವಾಡಿ ಹೊಸ ಡಿಟೆಕ್ಟರ್ ತರಿಸಿದೆ. ಶನಿವಾರ ಅವರೊಬ್ಬರೇ ಯಂತ್ರ ಬಿಚ್ಚಿ ಕೂತರು. ಸೋಮವಾರ ಸಿಗ್ನಲ್ ಎದ್ದು ನಿಂತಿತ್ತು.

"ನೋಡಿದ್ರಾ ಸರ್, ಹೊಸದರ ಗತ್ತು!" ಎಂದೆ. ಅವರು ಕನ್ನಡಕ ಒರೆಸುತ್ತ ಸುಮ್ಮನೆ ನಕ್ಕರು. "ಡಿಟೆಕ್ಟರ್ ಬದಲಿಸಲಾಗಿದೆ" ಎಂದು ವರದಿಯಲ್ಲಿ ನಾನೇ ಬರೆದೆ.

ಅವರು ನಿವೃತ್ತರಾದ ಮೇಲೆ ಅವರ ಬೀರು ತೆಗೆದರೆ, ಹೊಸ ಡಿಟೆಕ್ಟರ್ ಸೀಲು ಒಡೆಯದ ಪ್ಯಾಕೆಟ್ಟಿನಲ್ಲೇ ಕೂತಿತ್ತು. ಕೂಡಲೇ ಫೋನು ಮಾಡಿದೆ.

"ಮತ್ತೆ ಆವತ್ತು ಏನು ಹಾಕಿದ್ರಿ ಸರ್?"

"ಏನೂ ಹಾಕ್ಲಿಲ್ಲ ಕಣಮ್ಮ. ಅಯಾನು ಹುಟ್ಟೋ ಜಾಗದಲ್ಲೇ ಕೊಳೆ ಕಟ್ಕೊಂಡಿತ್ತು, ತೊಳೆದ್ಬುಟ್ಟೆ. ಬಿಚ್ಚಿದ್ಮೇಲೇ ನಂಗೂ ಗೊತ್ತಾಗಿದ್ದು."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟು ಖುಷಿಯಾಗಿದ್ಯಲ್ಲ."

ಇವತ್ತು ಸಿಗ್ನಲ್ ಮತ್ತೆ ಇಳಿದಿದೆ. ಸುಸ್ತೋ ಕೊಳೆಯೋ ತಿಳಿಯದು. ಕೈ ತೊಳೆದು, ಎರಡೂ ಕೈ ಎತ್ತಿಕೊಂಡು, ಬೀರುವಿಗೂ ಯಂತ್ರಕ್ಕೂ ನಡುವೆ ನಿಂತಿದ್ದೇನೆ.