ಕೊನೆಯ ಸಾಲಿನ ತೈಸಿಯಾ

ಲೆನಿನ್‌ಗ್ರಾಡಿನ ಆ ರಂಗಮಂದಿರದಲ್ಲಿ ತೈಸಿಯಾ ಯಾವತ್ತೂ ಮುಂದೆ ಬಂದವಳಲ್ಲ. ಬ್ಯಾಲೆಯ ಗುಂಪು ಕುಣಿತದಲ್ಲಿ ಕೊನೆಯ ಸಾಲಿನ ಎಡತುದಿ ಅವಳದು. ಅಷ್ಟರಲ್ಲೇ ಅವಳಿಗೆ ತೃಪ್ತಿಯಿತ್ತು. ಆಗಿನ ಟುಟು ಲಂಗಗಳು ಗಂಟೆಯ ಆಕಾರದವು. ಗಂಜಿ ಹಾಕಿದ ತೆಳುಬಟ್ಟೆಯ ಪದರಗಳು ಸೊಂಟದಿಂದ ಇಳಿದು ತೊಡೆಗಳನ್ನು ಮುಚ್ಚುತ್ತಿದ್ದವು. ತೈಸಿಯಾಳಿಗೆ ಮುಚ್ಚಿಕೊಳ್ಳುವ ಅಗತ್ಯವೂ ಇತ್ತು. ಜರ್ಮನ್ನರು ಊರನ್ನು ಮುತ್ತಿದ ಚಳಿಗಾಲದಲ್ಲಿ ಒಣಗಿ ಕಡ್ಡಿಯಾಗಿದ್ದವಳು, ಯುದ್ಧ ಮುಗಿದು ಹೊಟ್ಟೆ ತುಂಬ ಬ್ರೆಡ್ಡು ಸಿಕ್ಕಿದ್ದೇ ತಡ, ಸೊಂಟದಿಂದ ಕೆಳಗೆ ಊದಿಕೊಂಡಿದ್ದಳು. ಆಮೇಲೆ ಏನು ಮಾಡಿದರೂ ಆ ಮೈ ಇಳಿಯಲಿಲ್ಲ.

ಮುತ್ತಿಗೆಯ ಆ ಚಳಿಗಾಲದಲ್ಲೇ ಅವಳ ಅಕ್ಕ ಸತ್ತಿದ್ದಳು. ಅಕ್ಕನ ನಾಲ್ಕು ವರ್ಷದ ಮಗಳು ರಿಮ್ಮಾ ತೈಸಿಯಾಳ ಪಾಲಿಗೆ ಬಂದಳು. ತೈಸಿಯಾ ತನ್ನ ಪಾಲಿನ ಬ್ರೆಡ್ಡಿನಲ್ಲಿ ಅರ್ಧ ಮುರಿದು ಕೊಟ್ಟು ಮಗುವನ್ನು ಉಳಿಸಿಕೊಂಡಳು. ಹುಡುಗಿ ಸ್ವಲ್ಪ ಬೆಳೆದ ಮೇಲೆ ಅವರಿವರ ಕಾಲು ಹಿಡಿದು ಬ್ಯಾಲೆ ಶಾಲೆಗೆ ಸೇರಿಸಿದಳು. ಇಪ್ಪತ್ತು ತುಂಬುವಷ್ಟರಲ್ಲಿ ರಿಮ್ಮಾ ಅದೇ ರಂಗಮಂದಿರದಲ್ಲಿ ಬದಲಿ ನರ್ತಕಿಯಾಗಿದ್ದಳು. ಯಾರಾದರೂ ಕಾಯಿಲೆ ಬಿದ್ದರೆ ಮಾತ್ರ ಅವಳಿಗೆ ವೇದಿಕೆ. ಚಿಕ್ಕಮ್ಮ, ಮಗಳು ಒಂದೇ ಕೋಣೆಯಲ್ಲಿದ್ದರು. ಅಡುಗೆಮನೆ ಮಾತ್ರ ನಾಲ್ಕು ಸಂಸಾರಗಳಿಗೆ ಸೇರಿದ್ದು.

ಹೀಗಿರುವಾಗ ತಂಡವನ್ನು ಪ್ಯಾರಿಸ್ಸಿಗೆ ಕಳಿಸುವ ಸುದ್ದಿ ಬಂತು. ಹಳೆಯ ಲಂಗಗಳು ಅಲ್ಲಿಯವರ ಕಣ್ಣಿಗೆ ಅಜ್ಜಿಯ ಕಾಲದವು ಎಂದು ಮೇಲಿನವರಿಗೆ ಅನಿಸಿತು. ಹೊಸ ಟುಟುಗಳು ತಯಾರಾದವು: ನೈಲಾನ್ ಬಲೆಯವು, ಒಳಗೆ ತಂತಿಯ ಬಳೆ, ತಟ್ಟೆ ಇಟ್ಟ ಹಾಗೆ ಸೊಂಟದಿಂದ ನೇರ ಆಚೆಗೆ ಚಾಚುವಂಥವು. ಅದರ ಕೆಳಗೆ ಕಾಲೆಲ್ಲ ಬಯಲು.

ಅಳತೆ ನೋಡಿದ್ದು ತಾಲೀಮು ಕೋಣೆಯಲ್ಲೇ, ಎಲ್ಲರ ಎದುರು. ತಾಲೀಮು ನಡೆಸುವ ಆಗ್ನಿಯಾ ಲ್ವೋವ್ನಾ ಕುರ್ಚಿ ಎಳೆದುಕೊಂಡು ಕೂತಿದ್ದಳು.

"ತಿರುಗು," ಎಂದಳು. ತೈಸಿಯಾ ತಿರುಗಿದಳು. "ಇನ್ನೂ ತಿರುಗು. ಅಯ್ಯೋ, ಇದು ಎಲ್ಲಿ ಮುಗಿಯತ್ತಮ್ಮಾ? ಇಷ್ಟು ವರ್ಷ ಲಂಗದೊಳಗೆ ಎರಡು ಕಂಬ ಬಚ್ಚಿಟ್ಕೊಂಡಿದ್ಯಲ್ಲೇ!"

ಹುಡುಗಿಯರು ಕಿಸಕ್ಕೆಂದರು.

"ನಗಬೇಡ್ರೇ. ನಮ್ಮ ಜನ ಹಸ್ಕೊಂಡಿದಾರೆ ಅಂತ ಪ್ಯಾರಿಸ್ಸಿನ ಪೇಪರ್‌ನೋರು ಬರೀತಾರಂತೆ. ಇವಳೊಬ್ಬಳನ್ನ ತೋರಿಸಿದ್ರೆ ಸಾಕು, ಬಾಯಿ ಮುಚ್ಕೋತಾರೆ."

ಈಗ ಕೋಣೆಯೇ ಬಿದ್ದುಬಿದ್ದು ನಕ್ಕಿತು. ಗೋಡೆಯ ಕನ್ನಡಿಯಲ್ಲಿ ತೈಸಿಯಾ ರಿಮ್ಮಾಳ ಮುಖ ನೋಡಿದಳು. ರಿಮ್ಮಾ ಮೊದಲು ತುಟಿ ಬಿಗಿಹಿಡಿದಿದ್ದಳು. ಆಗ್ನಿಯಾ ತನ್ನ ಕಡೆ ನೋಡಿದಳೆಂದು ಗೊತ್ತಾದೊಡನೆ ಅವಳೂ ನಕ್ಕಳು.

ತೈಸಿಯಾ ಊಟ ಬಿಟ್ಟಳು. ಹುಳಿಮೊಸರು ಮತ್ತು ಸಕ್ಕರೆಯಿಲ್ಲದ ಚಹಾದ ಮೇಲೆ ದಿನ ದೂಡಿದಳು. ಹಿಂದೆ ವಿಧಿಯಿಲ್ಲದೆ ಉಪವಾಸ ಬಿದ್ದವಳು ಈಗ ತಾನಾಗಿ ಬಿದ್ದಳು. ಟ್ರಾಮಿನಲ್ಲಿ ತಲೆ ಸುತ್ತುತ್ತಿತ್ತು. ಕೆನ್ನೆ ಒಳಸೇರಿತು, ಬೆನ್ನೆಲುಬು ಎದ್ದಿತು, ಬ್ಲೌಸು ಜೋತುಬಿತ್ತು. ಆಗ್ನಿಯಾ ಮತ್ತೆ ಕರೆದು ನೋಡಿ, "ಮುಖ ಹೋಯ್ತು, ತೊಡೆ ಉಳೀತು," ಎಂದಳು. ಆದರೂ ಪ್ಯಾರಿಸ್ಸಿಗೆ ಹೋಗುವವರಲ್ಲಿ ಅವಳ ಹೆಸರನ್ನು ಹೊಡೆದುಹಾಕಲಿಲ್ಲ. ಕೊನೆಯ ಸಾಲು ತಾನೇ, ನೋಡೋಣ ಎಂದಳು. ಅಷ್ಟು ಮಾತಿಗೇ ತೈಸಿಯಾಳ ಕಣ್ಣು ತುಂಬಿತು.

ಮರುವಾರ ಆಗ್ನಿಯಾ ಎಲ್ಲರನ್ನೂ ನಿಲ್ಲಿಸಿ, "ತೈಸಿಯಾ, ಬಲಮಂಡಿಯ ಪಟ್ಟಿ ಬಿಚ್ಚು," ಎಂದಳು.

ಉಣ್ಣೆಯ ಕಾಲುಚೀಲದೊಳಗೆ ಪಟ್ಟಿ ಇರುವುದು ಹೊರಗಿನವರಿಗೆ ಗೊತ್ತಿರಲಿಲ್ಲ. ಬಿಚ್ಚಿದಾಗ ಮಂಡಿ ಬೇಯಿಸಿದ ಬೀಟ್‌ರೂಟಿನ ಹಾಗೆ ಕೆಂಪಗೆ ಊದಿತ್ತು.

"ನಿಮಗೆ ಯಾರು ಹೇಳಿದ್ದು?" ಎಂದು ತೈಸಿಯಾ ಕೇಳಿದಳು.

"ದಿನಾ ಸಂಜೆ ಅದನ್ನ ನೋಡೋರೇ ಹೇಳಿದ್ರು," ಎಂದಳು ಆಗ್ನಿಯಾ. "ರಿಮ್ಮಾ, ಎಡತುದಿಗೆ ಬಂದು ನಿಂತ್ಕೋ."

ಮನೆಗೆ ಬಂದ ಮೇಲೆ ರಿಮ್ಮಾ ಕೋಟನ್ನೂ ತೆಗೆಯದೆ ಬಾಗಿಲ ಹತ್ತಿರವೇ ನಿಂತಳು. "ನೀನು ಹೆಂಗಿದ್ರೂ ಹೋಗ್ತಿರ್ಲಿಲ್ಲ ಚಿಕ್ಕಮ್ಮ. ಜಾಗ ಯಾರೋ ಹೊರಗಿನೋರ ಪಾಲಾಗೋ ಬದ್ಲು ಮನೇಲೇ ಉಳೀಲಿ ಅಂತ ಹೇಳ್ದೆ."

"ನನಗೊಂದು ಮಾತು ಹೇಳ್ಬಹುದಿತ್ತು."

"ಹೇಳಿದ್ರೆ ಏನ್ ಮಾಡ್ತಿದ್ದೆ? ಬ್ರೆಡ್ಡು ಕೊಟ್ಟು ಸಾಕಿದ್ನಲ್ಲೇ ಅಂತ ಅಳ್ತಿದ್ದೆ."

"ಬ್ರೆಡ್ಡಿನ ಮಾತು ನಾನು ಯಾವತ್ತಾದ್ರೂ ಎತ್ತಿದೀನೇನೇ?"

"ಎತ್ತಿಲ್ಲ. ಆದ್ರೆ ನಾನು ಊಟಕ್ಕೆ ಕೂತಾಗೆಲ್ಲ ನೋಡ್ತಿದ್ಯಲ್ಲ, ಆ ನೋಟ ಸಾಕಾಗಿದೆ ನನಗೆ."

ತಂಡ ಪ್ಯಾರಿಸ್ಸಿಗೆ ಹೊರಟಿತು. ತೈಸಿಯಾಳನ್ನು ಹೊಲಿಗೆ ಕೋಣೆಗೆ ಹಾಕಿದರು. ನೈಲಾನ್ ಬಲೆಯ ಅಂಚು ಮಡಿಸುವ ಕೆಲಸ. ಹೊಲಿಯಲು ಅವಳಿಗೆ ಬರುತ್ತಿರಲಿಲ್ಲ. ದಿನಕ್ಕೆ ಹತ್ತು ಸಲ ಬೆರಳು ಚುಚ್ಚಿಕೊಂಡು, ಬಿಳಿ ಬಲೆಗೆ ರಕ್ತ ಹತ್ತಿಸಿ ಬೈಸಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಮಾಸಿಕವೊಂದರ ಫೋಟೋದವನು ಬಂದ. ಹೊಸ ಟುಟುವಿನ ಚಿತ್ರ ಬೇಕಿತ್ತು, ನರ್ತಕಿಯರು ಊರಲ್ಲಿರಲಿಲ್ಲ. ಹೊಲಿಗೆ ಕೋಣೆಯ ಯಜಮಾನಿ ತೈಸಿಯಾಳ ಕಡೆ ಬೊಟ್ಟು ಮಾಡಿ, "ಮೇಲಿಂದ ತೆಗೀರಿ, ಮುಖಾನೂ ಬೇಡ, ಕಾಲೂ ಬೇಡ. ಉಪವಾಸ ಇದ್ದೂ ಇದ್ದೂ ಬೆನ್ನೊಂದು ಚೆನ್ನಾಗಾಗಿದೆ," ಎಂದಳು.

ಟುಟು ತೊಡಿಸಿದಾಗ ಹುಕ್ಕುಗಳು ಸಲೀಸಾಗಿ ಕೂತವು. ತೈಸಿಯಾ ನೆಲದ ಮೇಲೆ ಒಂದು ಕಾಲು ಮಡಿಸಿ, ಇನ್ನೊಂದನ್ನು ಚಾಚಿ, ಅದರ ಮೇಲೆ ಮುಖವಿಟ್ಟು ಬಾಗಿದಳು. ಬಲೆ ಬೆನ್ನ ಹಿಂದೆ ಚಕ್ರದಂತೆ ಬಿಚ್ಚಿಕೊಂಡಿತು. ಮಡಿಸಿದ ಮಂಡಿ ಸಿಡಿಯುತ್ತಿತ್ತು. ಏಣಿ ಹತ್ತಿದ್ದ ಫೋಟೋದವನು, "ಅಲ್ಲಾಡಬೇಡಿ! ಆಹಾ, ಇಲ್ಲಿಂದ ನೋಡಿದ್ರೆ ಹದಿನೆಂಟರ ಹುಡುಗಿ ನೀವು!" ಎಂದು ಕೂಗಿದ. ಅವಳು ಅಲ್ಲಾಡಲಿಲ್ಲ. ನೋವಿಗೆ ಕಣ್ಣೀರು ಇಳಿಯುತ್ತಿದ್ದರೂ ಬಹಳ ವರ್ಷಗಳ ಮೇಲೆ ಅವತ್ತು ಅವಳಿಗೆ ಸುಖವೆನಿಸಿತು.

ಮಾಸಿಕ ಹೊರಬರುವಷ್ಟರಲ್ಲಿ ರಿಮ್ಮಾ ವಾಪಸಾಗಿದ್ದಳು. ಒಂದು ಭಾನುವಾರ ಅಡುಗೆಮನೆಯಲ್ಲಿ ನೆರೆಯ ಪ್ರಸ್ಕೋವ್ಯಾ ಪುಟ ಬಿಡಿಸಿ ಹಿಡಿದಳು. "ರಿಮ್ಮಾ, ನೋಡೇ, ಇದು ನೀನಲ್ವಾ? ಎಷ್ಟು ಚೆಂದ ಬಂದಿದ್ಯೇ!"

ರಿಮ್ಮಾ ಚಿತ್ರ ನೋಡಿದಳು. ಒಲೆಯ ಹತ್ತಿರ ಗಂಜಿ ಕಲಕುತ್ತಿದ್ದ ಚಿಕ್ಕಮ್ಮನನ್ನೂ ನೋಡಿದಳು. "ಹೂಂ, ನಾನೇ," ಎಂದಳು.

"ಅದು ನಾನು," ಎಂದಳು ತೈಸಿಯಾ.

ಅಕ್ಕಪಕ್ಕದ ಕೋಣೆಗಳ ಗಂಡಸರು ಬಾಗಿಲಿಗೆ ಬಂದು ಇಣುಕಿದರು. ಪ್ರಸ್ಕೋವ್ಯಾ ಹೊಟ್ಟೆ ಹಿಡಿದು ನಕ್ಕಳು. "ನೀನೇನೇ? ನಿನ್ನನ್ನ ಇದ್ರಲ್ಲಿ ತುರುಕೋಕೆ ಇಬ್ಬರು ಗಂಡಸರು ಬೇಕು ಕಣೇ!"

ತೈಸಿಯಾ ಸೌಟು ಬಿಟ್ಟು ಬ್ಲೌಸಿನ ಗುಂಡಿ ಬಿಚ್ಚಿ ಭುಜದಿಂದ ಕೆಳಗೆಳೆದಳು. ಮುತ್ತಿಗೆಯ ಚಳಿಗಾಲದಲ್ಲಿ ಕಿಟಕಿಯ ಗಾಜು ಸಿಡಿದು ನೆಟ್ಟಾಗ ಆದ ಕಲೆ ಬೆನ್ನ ಮೇಲಿತ್ತು, ಬೆರಳುದ್ದ. "ನೋಡಿ. ಚಿತ್ರದಲ್ಲೂ ನೋಡಿ, ಇಲ್ಲೇ ಇರತ್ತೆ."

ಪ್ರಸ್ಕೋವ್ಯಾ ಕನ್ನಡಕ ಹಾಕಿಕೊಂಡು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಚಿತ್ರದಲ್ಲಿದ್ದ ಬೆನ್ನು ಹಾಲಿನ ಕೆನೆಯಂತೆ ನುಣ್ಣಗಿತ್ತು. ಪತ್ರಿಕೆಯವರು ಕುಂಚದಿಂದ ಕಲೆಯನ್ನು ಒರೆಸಿಹಾಕಿದ್ದರು. ಬಾಗಿಲಲ್ಲಿ ನಿಂತಿದ್ದ ಗಂಡಸರು ಆಚೆ ನೋಡಿದರು. ಅರ್ಧ ಬೆನ್ನು ಬಿಟ್ಟುಕೊಂಡು ತೈಸಿಯಾ ಅಡುಗೆಮನೆಯ ನಡುವೆ ನಿಂತೇ ಇದ್ದಳು.

ರಿಮ್ಮಾ ತನ್ನ ಶಾಲು ತೆಗೆದು ಅವಳಿಗೆ ಹೊದಿಸಿದಳು. "ಚಿಕ್ಕಮ್ಮಂಗೆ ಈಚೀಚೆಗೆ ಹೀಗಾಗ್ತಿದೆ," ಎಂದು ಮೆಲ್ಲಗೆ ಹೇಳಿದಳು. "ನೀವ್ಯಾರೂ ಮನಸ್ಸಿಗೆ ಹಚ್ಕೋಬೇಡಿ."

ಆ ಶಾಲನ್ನು ಕೊಡವಿ ನೆಲಕ್ಕೆ ಹಾಕಿ ತೈಸಿಯಾ ಕೋಣೆಗೆ ಹೋದಳು. ಆ ಬೇಸಿಗೆಯಲ್ಲೇ ಕೋಣೆಯನ್ನು ರಿಮ್ಮಾಳಿಗೆ ಬಿಟ್ಟು ದೂರದ ವೊಲೊಗ್ಡಾ ಊರಿಗೆ ಹೊರಟುಹೋದಳು. ಅಲ್ಲಿನ ನಾರುಬಟ್ಟೆ ಕಾರ್ಖಾನೆಯ ಕೂಲಿಯವರ ಮಕ್ಕಳಿಗೆ ಕುಣಿತ ಕಲಿಸುವ ಕೆಲಸ ಸಿಕ್ಕಿತು. ಅವಳ ತರಗತಿಯಲ್ಲಿ ನಗುವುದಕ್ಕೆ ಅವಕಾಶವಿರಲಿಲ್ಲ. ನಕ್ಕವರನ್ನು, ಎಷ್ಟು ಚಿಕ್ಕವರಾದರೂ, ಹಿಮದಲ್ಲಿ ಹೊರಗೆ ನಿಲ್ಲಿಸುತ್ತಿದ್ದಳು. ತಾಯಂದಿರು ಅವಳನ್ನು ಕಬ್ಬಿಣ ಎಂದು ಕರೆದರು.

ಹದಿನೆಂಟು ವರ್ಷಗಳ ಮೇಲೆ ರಿಮ್ಮಾ ಒಂದು ಸೂಟ್‌ಕೇಸು ಹಿಡಿದು ಅವಳ ಬಾಗಿಲಿಗೆ ಬಂದಳು. ರಂಗಮಂದಿರ ಅವಳನ್ನು ಕೆಲಸದಿಂದ ಬಿಡಿಸಿತ್ತು. ಬಿಟ್ಟ ಗಂಡ ಕೋಣೆಯನ್ನೂ ಹೊಡೆದುಕೊಂಡಿದ್ದ. ತೈಸಿಯಾ ಎಲೆಕೋಸಿನ ಸಾರು ಬಡಿಸಿದಳು. ರಿಮ್ಮಾ ತಲೆ ಬಗ್ಗಿಸಿಕೊಂಡು ಕುಡಿದಳು.

"ಚಿಕ್ಕಮ್ಮ, ಆ ಚಿತ್ರ ನಿಂದೇ ಅಂತ ನನಗೆ ಅವತ್ತೇ ಗೊತ್ತಿತ್ತು."

"ನನಗೂ ಗೊತ್ತಿತ್ತು. ಸಾರು ತಣ್ಣಗಾಗತ್ತೆ, ಕುಡಿ."

"ಸ್ವಲ್ಪ ದಿನ ಇಲ್ಲೇ ಇರ್ಲಾ? ಎರಡು ಕೋಣೆ ಇದ್ಯಲ್ಲ."

"ಇನ್ನೊಂದರಲ್ಲಿ ಬೆಕ್ಕಿದೆ," ಎಂದಳು ತೈಸಿಯಾ. "ಸಂಜೆ ರೈಲಿದೆ. ಟ್ರಾಲಿಬಸ್ಸು ಎದುರಿಗೇ ನಿಲ್ಲತ್ತೆ."

ದಾರಿಗೆಂದು ಅರ್ಧ ಬ್ರೆಡ್ಡು ಕತ್ತರಿಸಿ, ಕಾಗದದಲ್ಲಿ ಸುತ್ತಿ ಕೊಟ್ಟಳು. ರಿಮ್ಮಾ ಅದನ್ನು ಬೇಡವೆನ್ನಲಿಲ್ಲ. ಆಮೇಲೆ ತೈಸಿಯಾ ಬೂಟು ಹಾಕಿಕೊಂಡು, ಬಾಗಿಲಿಗೆ ಬೀಗ ಜಡಿದು, ತರಗತಿಗೆ ಹೊತ್ತಾಯಿತೆಂದು ಕುಂಟುತ್ತ ಹೋದಳು.